ಸಿಗ್ನಲ್ ಇತ್ತು, ಕರೆ ಹೋಗಲಿಲ್ಲ: ಪಿ.ಪಿ. ನಂಬರ್‌ನಿಂದ 5ಜಿ ಪ್ರಾಕ್ಸಿವರೆಗೆ

ಬಸ್ಸಲ್ಲಿ ಕೂತು, ಅಡುಗೆ ಮಾಡ್ತಾ, ವಾಕಿಂಗ್ ಹೋಗ್ತಾ ಈ ಸಂಚಿಕೆ ಕೇಳ್ತಿರೋ ಎಲ್ಲರೂ ಒಂದ್ಸಲ ಫೋನ್ ಕೈಗೆ ತಗೊಳ್ಳಿ. ಪರದೆಯ ಮೇಲ್ತುದಿ ನೋಡಿ. ಟವರ್ ಗೆರೆಗಳ ಪಕ್ಕ ಸಣ್ಣ ಅಕ್ಷರದಲ್ಲಿ ‘ವೋಲ್ಟಿ’ ಅಂತ ಏನಾದ್ರೂ ಇದೆಯಾ? ಇದ್ದಾಗ ಯಾರೂ ಅದನ್ನ ಗಮನಿಸಲ್ಲ. ನಾನೂ ಗಮನಿಸಿರಲಿಲ್ಲ, 2018ರ ಡಿಸೆಂಬರ್‌ನ ಒಂದು ರಾತ್ರಿ ತನಕ.

ನಮ್ಮೂರು ಮಧುವನಹಳ್ಳಿ. ಕೊಳ್ಳೇಗಾಲದಿಂದ ಹನೂರು, ಮಲೆ ಮಹದೇಶ್ವರ ಬೆಟ್ಟದ ಕಡೆ ಹೋಗೋ ರಸ್ತೆಯಲ್ಲಿ ಸಿಗುತ್ತೆ. ನಮ್ಮ ಮನೇಲಿ ಆಗ ರೇಷ್ಮೆ ಹುಳ ಮೇಯಿಸ್ತಿದ್ವಿ. ಹುಳ ಹಣ್ಣಾಗೋ ಮುಂಚಿನ ದಿನಗಳಲ್ಲಿ ಅದಕ್ಕೆ ವಿಪರೀತ ಹಸಿವು, ರಾತ್ರಿ ಹೊತ್ತೂ ಎದ್ದು ಸೊಪ್ಪು ಹಾಕಬೇಕು. ಅಪ್ಪ ಸೊಪ್ಪು ಹಾಕೋಕೆ ಅಂತ ಎದ್ದೋರು ಹುಳದ ಮನೆ ಬಾಗಿಲಲ್ಲೇ ಕೂತುಬಿಟ್ರು. ಎದೆ ಹಿಡ್ಕೊಂಡಿದ್ರು, ಮೈಯೆಲ್ಲ ಬೆವರು. ಡಿಸೆಂಬರ್ ಚಳಿಯಲ್ಲಿ ಬೆವರು.

ಕೊಳ್ಳೇಗಾಲದಲ್ಲಿ ಚಿಕ್ಕಪ್ಪನ ಹತ್ರ ಕಾರಿತ್ತು. ಫೋನ್ ತಗೊಂಡೆ. ಗೆರೆಗಳು ಪೂರ್ತಿ ಇದ್ವು, 4ಜಿ ಅಂತ ಬರೆದಿತ್ತು. ಡಯಲ್ ಮಾಡಿದ್ರೆ ಒಂದ್ ಕ್ಷಣ ಮೌನ, ಆಮೇಲೆ ಕರೆ ಕಟ್. ಮತ್ತೆ ಮಾಡಿದೆ, ಮತ್ತೆ ಕಟ್. 108ಕ್ಕೂ ಹೋಗಲಿಲ್ಲ. ವಾಟ್ಸ್ಆ್ಯಪ್ ತೆಗೆದರೆ ಅದು ಕೆಲಸ ಮಾಡ್ತಿದೆ! ಚಿಕ್ಕಪ್ಪನಿಗೆ ವಾಟ್ಸ್ಆ್ಯಪ್ ಕರೆ ಮಾಡಿದೆ, ಆದ್ರೆ ಅವರು ರಾತ್ರಿ ಮಲಗೋಕೆ ಮುಂಚೆ ಡೇಟಾ ಆಫ್ ಮಾಡೋ ತಲೆಮಾರಿನವರು. ಕಡೆಗೆ ಗೋಡೆಯಾಚೆ ಮನೆಯ ದೊಡ್ಡವ್ವನನ್ನ ಕೂಗಿ ಎಬ್ಬಿಸ್ದೆ. ಅವರ ಹತ್ರ ಇದ್ದದ್ದು ರಬ್ಬರ್ ಗುಂಡಿಯ ಹಳೇ ಕೀಪ್ಯಾಡ್ ಫೋನು. “ತಕೊಳ್ಲಾ ಮಗ, ಮಾಡು” ಅಂತ ಕೊಟ್ರು. ಮೊದಲ ರಿಂಗಿಗೇ ಚಿಕ್ಕಪ್ಪ ಎತ್ತಿದ್ರು.

ಅಪ್ಪ ಉಳ್ಕೊಂಡ್ರು, ಅದನ್ನ ಮೊದ್ಲೇ ಹೇಳಿಬಿಡ್ತೀನಿ, ಸಸ್ಪೆನ್ಸ್ ಬೇಡ. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಇಂಜೆಕ್ಷನ್, ಅಲ್ಲಿಂದ ಮೈಸೂರು, ಸ್ಟೆಂಟು. ಆದ್ರೆ ಆ ಹತ್ತು ನಿಮಿಷ ನನ್ನ ತಲೆಯಿಂದ ಹೋಗಲೇ ಇಲ್ಲ. ಸಾವಿರಾರು ರೂಪಾಯಿಯ ಸ್ಮಾರ್ಟ್‌ಫೋನ್ ಮೂಕನಾಗಿ ಕೂತಿತ್ತು, ಬ್ಯಾಟರಿ ಬಾಗಿಲಿಗೆ ರಬ್ಬರ್ ಬ್ಯಾಂಡ್ ಹಾಕಿದ್ದ ಫೋನು ಮಾತಾಡಿತ್ತು. ಯಾಕೆ? ಆಮೇಲೆ ನಾನು ಬೆಂಗಳೂರಲ್ಲಿ ಟೆಲಿಕಾಂ ಟೆಸ್ಟಿಂಗ್ ಕೆಲಸಕ್ಕೆ ಸೇರಿದೆ. ಉತ್ತರ ಹುಡುಕ್ತಾ ಹೋದ್ರೆ ಅದು ನಮ್ಮಜ್ಜಿ ಕಾಲದ ತನಕ ಎಳ್ಕೊಂಡು ಹೋಯ್ತು.

ಅಜ್ಜಿ ಕಾಲದಲ್ಲಿ ಫೋನ್ ಮಾಡೋದು ಅಂದ್ರೆ ಪೇಟೆಗೆ ಹೋಗೋದು. ಕೊಳ್ಳೇಗಾಲ 1956ರ ನವೆಂಬರ್ 1ರ ತನಕ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಅದಾದ ಮೇಲೆ ಮೈಸೂರು ರಾಜ್ಯಕ್ಕೆ ಬಂತು. ರಾಜ್ಯ ಬದಲಾದ್ರೂ ಫೋನ್ ಮಾಡೋ ಕ್ರಮ ಬದಲಾಗಲಿಲ್ಲ. ಪರ ಊರಿಗೆ ಮಾತಾಡಬೇಕಂದ್ರೆ ಟ್ರಂಕ್ ಕಾಲ್ ಬುಕ್ ಮಾಡಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ದರ್ಜೆಗಳು. ಸಾವಿನ ಸುದ್ದಿಗೆ ಲೈಟ್ನಿಂಗ್, ದುಡ್ಡು ಜಾಸ್ತಿ. ಬುಕ್ ಮಾಡಿ ಬೆಂಚಿನ ಮೇಲೆ ಕಾಯಬೇಕು, ಆಪರೇಟರ್ ಒಂದ್ ಊರಿನ ಆಪರೇಟರ್‌ನ ಹಿಡಿದು, ಅವರು ಇನ್ನೊಂದು ಊರಿನವರನ್ನ ಹಿಡಿದು, ಹೀಗೆ ತಂತಿಗೆ ತಂತಿ ಸೇರಿಸ್ತಾ ಹೋಗ್ತಿದ್ರು.

ಇದ್ರಲ್ಲಿ ನನಗೆ ತುಂಬಾ ಇಷ್ಟವಾದದ್ದು ‘ಪಿ.ಪಿ. ಕಾಲ್’. ಪರ್ಟಿಕ್ಯುಲರ್ ಪರ್ಸನ್. ಅಂದ್ರೆ ನನಗೆ ಆ ನಂಬರ್ ಬೇಕಾಗಿಲ್ಲ, ಆ ಮನುಷ್ಯ ಬೇಕು. ಅವರು ಬಂದು ಫೋನ್ ಹಿಡಿದಮೇಲೇ ಲೆಕ್ಕ ಶುರು. ನಿಮ್ಮ ಮನೇಲಿ ಹಳೇ ಮದುವೆ ಕರೆಯೋಲೆಗಳಿದ್ರೆ ತೆಗೆದು ನೋಡಿ. ಹೆಸರಿನ ಕೆಳಗೆ ಫೋನ್ ನಂಬರ್, ಅದರ ಪಕ್ಕ ‘ಪಿ.ಪಿ.’ ಅಂತ ಇರುತ್ತೆ. ಅದರರ್ಥ, ಈ ಫೋನು ನಮ್ಮದಲ್ಲ, ಪಕ್ಕದ ಮನೆಯವರದ್ದು ಅಥವಾ ಎದುರು ಅಂಗಡಿಯವರದ್ದು, ಅಲ್ಲಿಗೆ ಮಾಡಿದ್ರೆ ನಮ್ಮನ್ನ ಕೂಗಿ ಕರೀತಾರೆ. ನಮ್ಮ ಮನೆಗೂ ಎಷ್ಟೋ ವರ್ಷ ದಿನಸಿ ಅಂಗಡಿಯ ನಂಬರೇ ಪಿ.ಪಿ. ಅಂಗಡಿ ಹುಡುಗ ಸೈಕಲ್ಲಲ್ಲಿ ಬಂದು “ಮೈಸೂರಿಂದ ಫೋನು, ಬನ್ನಿ ಬನ್ನಿ” ಅಂತ ಕೂಗೋನು. ಅಜ್ಜಿ ಸೆರಗಲ್ಲಿ ಕೈ ಒರೆಸಿಕೊಂಡು ಓಡೋರು.

ಕಂಪ್ಯೂಟರ್ ಭಾಷೆಯಲ್ಲಿ ಆ ಅಂಗಡಿಯೇ ಪ್ರಾಕ್ಸಿ. ನಿಮ್ಮ ಪರವಾಗಿ ನಿಂತು, ಬಂದ ಕರೆಯನ್ನ ನಿಮಗೆ ಮುಟ್ಟಿಸೋನು. ಈ ಪ್ರಾಕ್ಸಿ ಕೆಲಸ ಮಾಡಬೇಕಂದ್ರೆ ಎರಡು ವಿಷಯ ಗೊತ್ತಿರಬೇಕು. ಈ ಅಂಗಡಿ ಈ ಮನೆಯವರ ಪಿ.ಪಿ. ಅನ್ನೋದು ಕರೆ ಮಾಡೋರಿಗೆ ತಿಳಿದಿರಬೇಕು. ಮತ್ತೆ ಆ ಅಂಗಡಿ ಈಗ ತೆರೆದಿದೆಯಾ ಅನ್ನೋದೂ ತಿಳಿದಿರಬೇಕು. ಮೊದಲನೇದು ಕರೆಯೋಲೆಯಲ್ಲಿ ಅಚ್ಚಾಗಿರುತ್ತೆ. ಎರಡನೇದು ಅಚ್ಚಾಗಿರಲ್ಲ. ಅಂಗಡಿಯವರು ಅಂಗಡಿ ಮುಚ್ಚಿ ಬೆಟ್ಟಕ್ಕೆ ಹೋದ್ರೆ, ಕರೆಯೋಲೆ ಮಾತ್ರ ಅದೇ ನಂಬರನ್ನ ತೋರಿಸ್ತಾ ಕೂತಿರುತ್ತೆ. ಈ ಮಾತನ್ನ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಆಪರೇಟರ್‌ಗಳಿಗೆ ಈ ಎರಡನೇ ವಿಷಯವೂ ಗೊತ್ತಿರೋದು, ಅದೇ ಅವರ ಶಕ್ತಿ. ‘ಡಾಕ್ಟ್ರು ಈಗ ಕ್ಲಬ್ಬಲ್ಲಿರ್ತಾರೆ, ಅಲ್ಲಿಗೇ ಹಾಕ್ತೀನಿ’ ಅನ್ನೋ ಶಕ್ತಿ. ಅದೇ ಶಕ್ತಿಯನ್ನ ನಂಬದ ಒಬ್ಬ ಮನುಷ್ಯ ಅಮೆರಿಕದಲ್ಲಿದ್ದ. ಆಲ್ಮನ್ ಸ್ಟ್ರೌಜರ್, ಕ್ಯಾನ್ಸಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯಾಪಾರ. ತನಗೆ ಬರಬೇಕಾದ ಕರೆಗಳನ್ನ ಆಪರೇಟರ್ ಎದುರಾಳಿ ಅಂಗಡಿಗೆ ತಿರುಗಿಸ್ತಿದ್ದಾರೆ ಅನ್ನೋದು ಅವನ ಅನುಮಾನ ಅಂತ ಕಥೆ. ಕೋಪದಲ್ಲಿ ಆಪರೇಟರೇ ಬೇಡದ ಯಂತ್ರ ಕಂಡುಹಿಡಿದ, 1891ರಲ್ಲಿ ಪೇಟೆಂಟ್ ಸಿಕ್ತು. ಮುಂದಿನ ವರ್ಷ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಅನ್ನೋ ಊರಲ್ಲಿ ಮೊದಲ ಆಟೋಮ್ಯಾಟಿಕ್ ಎಕ್ಸ್‌ಚೇಂಜ್ ಶುರುವಾಯ್ತು. ನಮ್ಮ ದೇಶದಲ್ಲಿ ಮೊದಲನೇದು ಬಂದದ್ದು ಬೇಸಿಗೆ ರಾಜಧಾನಿ ಶಿಮ್ಲಾಕ್ಕೆ, 1913-14ರ ಹೊತ್ತಿಗೆ. ಸಾಹೇಬರು ಎಲ್ಲಿ ತಣ್ಣಗಿದ್ರೋ ಅಲ್ಲಿಗೆ.

1948ರಲ್ಲಿ ಬೆಂಗಳೂರಲ್ಲಿ ಐಟಿಐ, ಅಂದ್ರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಹುಟ್ಟಿತು. ಅದರ ಸುತ್ತ ಬೆಳೆದ ಬಡಾವಣೆಯ ಹೆಸರೇ ದೂರವಾಣಿನಗರ. ಸ್ಟ್ರೌಜರ್ ಮಾದರಿಯ ಯಂತ್ರಗಳನ್ನ ಅಲ್ಲಿ ತಯಾರಿಸಿದ್ರು. 1960ರಲ್ಲಿ ಕಾನ್ಪುರ ಮತ್ತು ಲಖನೌ ನಡುವೆ ಎಸ್‌ಟಿಡಿ ಬಂತು. ಆದ್ರೆ ಇವೆಲ್ಲ ದೊಡ್ಡ ಊರುಗಳ ಕಥೆ. ಆ ಕಾಲದ ಎಕ್ಸ್‌ಚೇಂಜಿಗೆ ದೊಡ್ಡ ಕೋಣೆ ಬೇಕು, ದೂಳು ಆಗಬಾರದು, ಆಮೇಲೆ ಬಂದ ಎಲೆಕ್ಟ್ರಾನಿಕ್ ಯಂತ್ರಗಳಿಗಂತೂ ಎಸಿ ಬೇಕು. ಹಳ್ಳಿಗೆ ಯಾರು ಎಸಿ ಹಾಕ್ತಾರೆ?

ಇಲ್ಲಿ ನಮ್ಮ ರಾಜ್ಯದ ಒಂದು ಊರು ಕಥೆಯೊಳಗೆ ಬರುತ್ತೆ. ಚೆನ್ನಮ್ಮನ ಕಿತ್ತೂರು. 1984ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಅನ್ನೋ ಸಂಸ್ಥೆ ಕಟ್ಟಿತು. ಸ್ಯಾಮ್ ಪಿತ್ರೋಡಾ ಅದರ ಹಿಂದಿದ್ದ ದೊಡ್ಡ ಹೆಸರು. ಕೊಟ್ಟದ್ದು 36 ತಿಂಗಳು, 36 ಕೋಟಿ ರೂಪಾಯಿ. ದೆಹಲಿ ಮತ್ತು ಬೆಂಗಳೂರಲ್ಲಿ ಕೂತ ಎಳೇ ವಯಸ್ಸಿನ ಎಂಜಿನಿಯರ್‌ಗಳು ರ‍್ಯಾಕ್ಸ್ ಅನ್ನೋ ಸಣ್ಣ ಗ್ರಾಮೀಣ ಎಕ್ಸ್‌ಚೇಂಜ್ ಮಾಡಿದ್ರು. 128 ಪೋರ್ಟು, ಎಸಿ ಬೇಕಿಲ್ಲ, ನಮ್ಮ ಬಿಸಿಲು ದೂಳು ತಡ್ಕೊಳ್ಳುತ್ತೆ. ಅದು ಮೊದಲು ಕೆಲಸ ಶುರು ಮಾಡಿದ್ದು 1986ರ ಜುಲೈಯಲ್ಲಿ, ಕಿತ್ತೂರಲ್ಲಿ. ಆಮೇಲೆ ಹಳ್ಳಿ ಪೇಟೆಗಳಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದ್ವಲ್ಲ, ಆ ಕಾಲಕ್ಕೆ ದಾರಿ ಮಾಡಿದ್ದು ಇಂಥ ಯಂತ್ರಗಳೇ. ಕೊಳ್ಳೇಗಾಲದ ಕೋಡು 08224. ನನಗೆ ಬಾಯಿಪಾಠವಾದ ಮೊದಲ ನಂಬರ್ ಅದು. ನಮ್ಮ ಪಿನ್‌ಕೋಡ್ ಕಲಿತದ್ದು ಆಮೇಲೆ.

ಇಲ್ಲಿ ತನಕ ನಂಬರ್ ಅಂದ್ರೆ ಒಂದು ತಂತಿ. ಲೈನ್‌ಮನ್ ಬಂದು ತಂತಿ ಎಳೆದ, ಎಕ್ಸ್‌ಚೇಂಜಲ್ಲಿ ಒಂದು ಕಡೆ ಬಿಗಿದ, ಮುಗೀತು. ನೀವು ಯಾರು, ಎಲ್ಲಿದ್ದೀರಿ ಅನ್ನೋದನ್ನ ತಂತಿಯೇ ಹೇಳುತ್ತೆ. ಮೊಬೈಲ್ ಬಂದು ತಂತಿ ಕತ್ತರಿಸಿತು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ಕೇಂದ್ರ ಸಚಿವ ಸುಖರಾಮ್ ಜೊತೆ ಮಾತಾಡಿ ದೇಶದ ಮೊದಲ ಮೊಬೈಲ್ ಕರೆ ಮಾಡಿದ್ರು. ಅವತ್ತಿಂದ ನೆಟ್‌ವರ್ಕ್‌ಗೆ ಹೊಸ ತಲೆನೋವು: ಈ ಮನುಷ್ಯ ಈಗ ಎಲ್ಲಿದ್ದಾನೆ?

ಅದಕ್ಕೆ ಉತ್ತರ, ಫೋನೇ ಹೋಗಿ ಹೆಸರು ಬರೆಸಬೇಕು. ಆನ್ ಮಾಡಿದ ತಕ್ಷಣ ಫೋನು ಹತ್ತಿರದ ಟವರ್ ಮೂಲಕ ‘ನಾನು ಬಂದಿದ್ದೀನಿ’ ಅನ್ನುತ್ತೆ. ಆ ಪ್ರದೇಶದ ಅತಿಥಿ ಪುಸ್ತಕದಲ್ಲಿ ಹೆಸರು ಸೇರುತ್ತೆ, ಅದನ್ನ ವಿಎಲ್‌ಆರ್ ಅಂತಾರೆ. ಆ ಪುಸ್ತಕದಿಂದ ನಿಮ್ಮ ಮೂಲ ಮನೆಯ ದೊಡ್ಡ ಪುಸ್ತಕಕ್ಕೆ, ಅಂದ್ರೆ ಎಚ್‌ಎಲ್‌ಆರ್‌ಗೆ, ಸುದ್ದಿ ಹೋಗುತ್ತೆ. ನೀವು ಸುಮ್ನೆ ಕೂತಿದ್ರೂ ಫೋನು ಆಗಾಗ ಹೋಗಿ ‘ಇಲ್ಲೇ ಇದ್ದೀನಿ’ ಅಂತ ಹಾಜರಿ ಹಾಕಿ ಬರುತ್ತೆ. ನಮ್ಮ ಕಡೆಯೋರಿಗೆ ಇದು ಚೆನ್ನಾಗಿ ಗೊತ್ತು. ಬೆಟ್ಟ ದಾಟಿ ಪಾಲಾರ್ ಕಡೆ ಇಳಿದ್ರೆ ಫೋನು ತಮಿಳುನಾಡಿನ ಟವರಿಗೆ ಹೋಗಿ ಹೆಸರು ಬರೆಸಿಬಿಡೋದು. ನಾವು ನಿಂತಿರೋದು ಕರ್ನಾಟಕದ ನೆಲದಲ್ಲೇ, ಫೋನಿನ ಪ್ರಕಾರ ನಾವು ಪರರಾಜ್ಯದವರು, ಬಂದ ಕರೆಗೂ ರೋಮಿಂಗ್ ದುಡ್ಡು! ಆಗ ಜಾತ್ರೆಗೆ ಹೋದೋರೆಲ್ಲ ಫೋನ್ ಆಫ್ ಮಾಡಿ ಜೇಬಲ್ಲಿಟ್ಕೊಳ್ಳೋರು. ಮಾದಪ್ಪನ ಹತ್ರ ಹೋದಾಗ ಫೋನ್ ಬೇಡ ಅನ್ನೋ ಭಕ್ತಿ ಅಲ್ಲ ಅದು, ಟಾಪ್‌ಅಪ್ ಉಳಿಸೋ ಬುದ್ಧಿ.

ಫೋನಿನ ಹೆಸರು ಆಟೋಮ್ಯಾಟಿಕ್ ಆಗಿ ಬರೆಸೋದು ಹೀಗೆ ಸಾಧ್ಯವಾಯ್ತು. ಆದ್ರೆ ಮಧ್ಯದಲ್ಲಿ ಕೂತ ಪ್ರಾಕ್ಸಿಗಳ ಹೆಸರು? ಅದನ್ನ ಮನುಷ್ಯರೇ ಕೈಯಾರೆ ಬರೀಬೇಕಿತ್ತು. ನಿಮ್ಮ ಅಣ್ಣಂದಿರನ್ನ, ಅಕ್ಕಂದಿರನ್ನ ಕೇಳಿ ನೋಡಿ, ಜಿಪಿಆರ್‌ಎಸ್ ಕಾಲದಲ್ಲಿ ಇಂಟರ್ನೆಟ್ ಬರಬೇಕಂದ್ರೆ ಏನು ಮಾಡ್ತಿದ್ರಿ ಅಂತ. ಕಸ್ಟಮರ್ ಕೇರ್‌ಗೆ ಮೆಸೇಜ್ ಕಳಿಸಬೇಕು, ‘ಸೆಟ್ಟಿಂಗ್ಸ್’ ಬರುತ್ತೆ, ಸೇವ್ ಮಾಡಬೇಕು. ಬರದಿದ್ರೆ ನಾವೇ ಟೈಪ್ ಮಾಡಬೇಕು. ಆಕ್ಸೆಸ್ ಪಾಯಿಂಟ್ ಹೆಸರು, ಪ್ರಾಕ್ಸಿ ವಿಳಾಸ ಅಂತ ಚುಕ್ಕೆ ಇಟ್ಟ ನಾಲ್ಕು ಸಂಖ್ಯೆ, ಪೋರ್ಟು ಕೆಲವು ಕಡೆ 8080, ಕೆಲವು ಕಡೆ 9201. ನಾನು ಪಿಯುಸಿ ಓದುವಾಗ ನಮ್ಮ ಹಾಸ್ಟೆಲ್ಲಲ್ಲಿ ಒಂದು ನೋಟ್‌ಬುಕ್ಕಿತ್ತು, ಅದರ ಕೊನೇ ಪುಟದಲ್ಲಿ ಎಲ್ಲ ಕಂಪನಿಗಳ ಪ್ರಾಕ್ಸಿ ವಿಳಾಸ. ಫಿಸಿಕ್ಸ್ ನೋಟ್ಸಿಗಿಂತ ಅದಕ್ಕೆ ಬೇಡಿಕೆ ಜಾಸ್ತಿ. ಒಂದು ಅಂಕೆ ತಪ್ಪಿದ್ರೆ ಪುಟ ತೆರೆಯಲ್ಲ, ಕಂಪನಿಯವರು ಆ ವಿಳಾಸ ಬದಲಾಯಿಸಿದ್ರೂ ತೆರೆಯಲ್ಲ. ಅಚ್ಚಾದ ಕರೆಯೋಲೆ, ಮುಚ್ಚಿದ ಅಂಗಡಿ.

ಈಗ ಆ ರಾತ್ರಿಗೆ ವಾಪಸ್ ಬರೋಣ. 4ಜಿಯಲ್ಲಿ ಮಾತಾಡೋಕೆ ಅಂತ ಪ್ರತ್ಯೇಕ ದಾರಿಯೇ ಇಲ್ಲ. 2ಜಿಯಲ್ಲಿ ಮಾತು ಮೊದಲು, ಡೇಟಾ ಆಮೇಲೆ ಬಂದ ನೆಂಟ. 4ಜಿಯಲ್ಲಿ ಎಲ್ಲವೂ ಡೇಟಾ, ಮಾತು ಅದರ ಮೇಲೆ ಸವಾರಿ ಮಾಡುತ್ತೆ. ಆ ಸವಾರಿಯ ಏರ್ಪಾಡಿಗೆ ಐಎಂಎಸ್ ಅಂತ ಹೆಸರು, ಅದರ ನಕ್ಷೆ ಸಿದ್ಧವಾದದ್ದು 2002ರಷ್ಟು ಹಿಂದೆ, 3ಜಿಪಿಪಿ ಅನ್ನೋ ಅಂತರರಾಷ್ಟ್ರೀಯ ಒಕ್ಕೂಟದ ರಿಲೀಸ್ 5ರಲ್ಲಿ. ವೋಲ್ಟಿಯಾಗಿ ಜನರ ಕೈಗೆ ಬಂದದ್ದು 2012ರಲ್ಲಿ, ನಮ್ಮಲ್ಲಿ ದೊಡ್ಡ ಪ್ರಮಾಣದಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಶುರುವಾದಾಗ.

ಅಂದ್ರೆ ನಿಮ್ಮ ಫೋನು ಎರಡು ಸಲ ಹೆಸರು ಬರೆಸಬೇಕು. ಒಂದ್ಸಲ 4ಜಿ ನೆಟ್‌ವರ್ಕಲ್ಲಿ: ಗೆರೆಗಳು ಬರ್ತವೆ, ಡೇಟಾ ಓಡುತ್ತೆ. ಇನ್ನೊಂದ್ಸಲ ಐಎಂಎಸ್‌ನಲ್ಲಿ: ಆಗಲೇ ಮಾತು. ಆ ಎರಡನೇ ಮನೆಯ ಬಾಗಿಲಲ್ಲಿ ಒಬ್ಬ ಕಾವಲುಗಾರ ಇದ್ದಾನೆ, ಪಿ-ಸಿಎಸ್‌ಸಿಎಫ್ ಅಂತ. ಆ ಮೊದಲ ‘ಪಿ’ ಅಂದ್ರೆ ಏನು ಗೊತ್ತಾ? ಪ್ರಾಕ್ಸಿ! ನಿಮ್ಮ ಫೋನಿನ ಪ್ರತಿ ಕರೆಯೂ ಆ ಪ್ರಾಕ್ಸಿಯ ಮೂಲಕವೇ ಹೋಗಬೇಕು. ಪರದೆಯ ಮೇಲಿನ ವೋಲ್ಟಿ ಅನ್ನೋ ಸಣ್ಣ ಅಕ್ಷರದ ಅರ್ಥ, ಆ ಬಾಗಿಲಲ್ಲಿ ನಿಮ್ಮ ಹೆಸರು ಬರೆದಿದೆ ಅಂತ. ಆ ರಾತ್ರಿ ನನ್ನ ಫೋನಿನಲ್ಲಿ 4ಜಿ ಇತ್ತು, ವೋಲ್ಟಿ ಇರಲಿಲ್ಲ.

ಸಾಮಾನ್ಯವಾಗಿ ಹೀಗಾದಾಗ ಫೋನು ಸುಮ್ನೆ 2ಜಿಗೋ 3ಜಿಗೋ ಇಳಿದು ಕರೆ ಮಾಡುತ್ತೆ. ನನ್ನದು ಯಾಕೆ ಇಳಿಯಲಿಲ್ಲ? ಇದು ನನ್ನದೇ ತಪ್ಪು. ಸ್ಪೀಡ್ ಬರ್ಲಿ ಅಂತ ಸ್ಟಾರ್ ಹ್ಯಾಶ್ ಸ್ಟಾರ್ ಹ್ಯಾಶ್ 4636 ಹೊಡೆದು, ಒಳಗಿನ ಮೆನುವಿನಲ್ಲಿ ‘ಎಲ್‌ಟಿಇ ಓನ್ಲಿ’ ಅಂತ ಇಟ್ಟಿದ್ದೆ. ಇಳಿಯೋ ಮೆಟ್ಟಿಲನ್ನ ನಾನೇ ಕಿತ್ತುಹಾಕಿದ್ದೆ. ನಿಮ್ಮಲ್ಲೂ ಯಾರಾದ್ರೂ ಹಾಗೆ ಇಟ್ಟಿದ್ರೆ, ಈ ಸಂಚಿಕೆಯನ್ನ ಪಾಸ್ ಮಾಡಿ, ಮೊದ್ಲು ಅದನ್ನ ತೆಗೀರಿ.

ಮುಂದೆ ಕೆಲಸಕ್ಕೆ ಸೇರಿದ ಮೇಲೆ ಬಾಗಿಲಿನ ಇನ್ನೊಂದು ಕಡೆಯಿಂದ ಇದನ್ನ ನೋಡಿದೆ. ಫೋನಿಗೆ ಈ ಪ್ರಾಕ್ಸಿಯ ವಿಳಾಸ ಯಾರು ಹೇಳ್ತಾರೆ? ಡೇಟಾ ದಾರಿ ತೆರೆದುಕೊಡೋ ಗೇಟ್‌ವೇ ಹೇಳುತ್ತೆ. ಗೇಟ್‌ವೇಗೆ ಯಾರು ಹೇಳ್ತಾರೆ? ಒಬ್ಬ ಎಂಜಿನಿಯರ್. 4ಜಿಯಲ್ಲಿ ಸಾಮಾನ್ಯವಾಗಿ ಆ ವಿಳಾಸಗಳ ಪಟ್ಟಿ ಗೇಟ್‌ವೇಯ ಸೆಟ್ಟಿಂಗಲ್ಲಿ ಕೈಯಿಂದ ಬರೆದದ್ದು. ಹಾಗೇನೇ ನೆಟ್‌ವರ್ಕಿನ ಪೆಟ್ಟಿಗೆಗಳು ಒಂದಕ್ಕೊಂದು ಸುದ್ದಿ ಕಳಿಸೋ ಭಾಷೆಗೆ ಡಯಾಮೀಟರ್ ಅಂತ ಹೆಸರು. ಅದಕ್ಕೂ ಮುಂಚಿನ ಭಾಷೆಯ ಹೆಸರು ರೇಡಿಯಸ್, ಅದಕ್ಕೇ ಇದು ಡಯಾಮೀಟರ್, ಎಂಜಿನಿಯರ್‌ಗಳ ಹಾಸ್ಯ ಅಷ್ಟೇ ಇರೋದು. ಆ ಸುದ್ದಿಗಳನ್ನ ಹಂಚೋ ಮಧ್ಯವರ್ತಿ ಪೆಟ್ಟಿಗೆ ಡಿಆರ್‌ಎ. ಅದರೊಳಗೂ ಯಾರ್‍ಯಾರು ನೆಂಟರು ಅನ್ನೋ ಪಟ್ಟಿಯನ್ನ ಕೈಯಾರೆ ತುಂಬೋದೇ ವಾಡಿಕೆ. ಹೊಸ ಪೆಟ್ಟಿಗೆ ಬಂದ್ರೆ ರಾತ್ರಿ ಒಂದು ಗಂಟೆ ಮೇಲೆ, ಜನ ಮಲಗಿದಾಗ, ಎಕ್ಸೆಲ್ ಹಾಳೆ ಇಟ್ಕೊಂಡು ಸಾಲು ಸಾಲಾಗಿ ಟೈಪ್ ಮಾಡೋದು. ಹಾಸ್ಟೆಲ್ಲಿನ ನೋಟ್‌ಬುಕ್ಕಿನ ಕೊನೇ ಪುಟವೇ, ಸೂಟು ಹಾಕ್ಕೊಂಡು ಬಂದಿತ್ತು. ಒಮ್ಮೆ ನನ್ನ ಜೊತೆಗಾರ ಒಬ್ಬರು ಒಂದು ಅಂಕೆ ತಪ್ಪು ಹಾಕಿದ್ರು. ಅದು ಲ್ಯಾಬು, ಯಾರಿಗೂ ಏನೂ ಆಗಲಿಲ್ಲ. ಅವರು ನಕ್ಕರು. ನನಗೆ ನಗು ಬರಲಿಲ್ಲ.

5ಜಿ ಬರೆಯೋಕೆ ಕೂತವರು ಈ ಪಟ್ಟಿಗಳ ಗೋಳನ್ನೇ ಮೊದಲು ಹಿಡಿದ್ರು. 2018ರ ರಿಲೀಸ್ 15ರಲ್ಲಿ ಎನ್‌ಆರ್‌ಎಫ್ ಅನ್ನೋ ಹೊಸ ಪೆಟ್ಟಿಗೆ ಬಂತು, ನೆಟ್‌ವರ್ಕಿನ ಹೆಸರು ಪುಸ್ತಕ. ಅದು ಹೇಗೆ ಕೆಲಸ ಮಾಡುತ್ತೆ ಅಂತ ಕೊಳ್ಳೇಗಾಲದವನಾಗಿ ಹೇಳ್ತೀನಿ. ಗೂಡಿನ ಮಾರುಕಟ್ಟೆಗೆ ರೈತ ಗೂಡು ತರ್ತಾನೆ. ಒಳಗೆ ಬಂದ ತಕ್ಷಣ ಹೆಸರು ಬರೆಸ್ತಾನೆ, ಒಂದು ಲಾಟ್ ನಂಬರ್ ಸಿಗುತ್ತೆ. ಗೂಡು ಕೊಳ್ಳೋ ರೀಲರ್ ಆ ರೈತನ ಮನೆ ಹುಡುಕ್ಕೊಂಡು ಹೋಗಲ್ಲ, ಲಾಟ್ ನೋಡ್ತಾನೆ, ಗೂಡು ನೋಡ್ತಾನೆ, ಕೂಗ್ತಾನೆ.

ಎನ್‌ಆರ್‌ಎಫ್ ಅಂಥದ್ದೇ. ಹೊಸ ಪೆಟ್ಟಿಗೆ ಚಾಲೂ ಆದ ಕೂಡಲೇ ತಾನೇ ಹೋಗಿ ಒಂದು ಚೀಟಿ ಕೊಡುತ್ತೆ: ನನ್ನ ಗುರುತು ಇದು, ನಾನು ಮಾಡೋ ಕೆಲಸ ಇದು, ವಿಳಾಸ ಇದು, ನನ್ನಿಂದ ಇಷ್ಟು ಹೊರೆ ಹೊರೋಕಾಗುತ್ತೆ. ಪುಸ್ತಕ ‘ಆಯ್ತು, ಬರೆದುಕೊಂಡೆ, ಆದ್ರೆ ಇಂತಿಷ್ಟು ಸೆಕೆಂಡಿಗೊಮ್ಮೆ ಬದುಕಿದ್ದೀನಿ ಅಂತ ಹೇಳ್ತಾ ಇರಬೇಕು’ ಅನ್ನುತ್ತೆ. ಇದಕ್ಕೆ ಹಾರ್ಟ್‌ಬೀಟ್ ಅಂತಲೇ ಹೆಸರು. ಎದೆಬಡಿತ ನಿಂತ್ರೆ ಹೆಸರಿನ ಮುಂದೆ ‘ಅಮಾನತು’ ಅಂತ ಬೀಳುತ್ತೆ, ಯಾರ್‍ಯಾರು ವಿಚಾರಿಸಿಟ್ಟಿದ್ರೋ ಅವರಿಗೆಲ್ಲ ಸುದ್ದಿ ಹೋಗುತ್ತೆ, ಮುಂದೆ ಕೇಳಿ ಬಂದವರಿಗೆ ಆ ವಿಳಾಸ ಕೊಡಲ್ಲ. ಪಿ.ಪಿ. ಅಂಗಡಿ ಮುಚ್ಚಿದೆ ಅನ್ನೋದು ಕರೆಯೋಲೆಗೆ ತಾನಾಗೇ ಗೊತ್ತಾಗೋ ಹಾಗೆ.

2020ರ ರಿಲೀಸ್ 16ರಲ್ಲಿ ಎರಡು ವಿಷಯ ಸೇರಿದ್ವು. ಒಂದು, ನಮ್ಮ ಬಾಗಿಲು ಕಾಯೋ ಪಿ-ಸಿಎಸ್‌ಸಿಎಫ್ ಕೂಡ ಈ ಪುಸ್ತಕದಲ್ಲಿ ತಾನೇ ಹೆಸರು ಬರೆಸಬಹುದು; ಫೋನಿಗೆ ದಾರಿ ತೆರೆಯೋ ಎಸ್‌ಎಂಎಫ್ ಅನ್ನೋ ಪೆಟ್ಟಿಗೆ ಕೈಬರಹದ ಪಟ್ಟಿ ಬಿಟ್ಟು ಪುಸ್ತಕವನ್ನ ಕೇಳಿ, ಬದುಕಿರೋ ಪ್ರಾಕ್ಸಿಯ ವಿಳಾಸವನ್ನ ಫೋನಿಗೆ ಕೊಡಬಹುದು. ಎರಡು, ಹಳೇ ಡಿಆರ್‌ಎ ಜಾಗಕ್ಕೆ ಎಸ್‌ಸಿಪಿ ಅಂತ ಹೊಸ ಪ್ರಾಕ್ಸಿ. ಬೇರೆ ಪೆಟ್ಟಿಗೆಗಳು ಅದರ ಕೈಗೆ ಕಾಗದ ಕೊಟ್ಟು ‘ಯಾರಿಗೆ ಕೊಡಬೇಕೋ ನೀನೇ ವಿಚಾರಿಸಿ ಕೊಡು’ ಅಂದ್ರೆ ಸಾಕು, ಅದು ಪುಸ್ತಕ ನೋಡಿ ಮುಟ್ಟಿಸುತ್ತೆ. ಹಳೇ ಟ್ರಂಕ್ ಆಪರೇಟರ್ ಮತ್ತೆ ಕೆಲಸಕ್ಕೆ ಬಂದ ಹಾಗೆ. ಸ್ಟ್ರೌಜರ್‌ನ ಅನುಮಾನವನ್ನೂ ಇವರು ಮರೆತಿಲ್ಲ. ಯಾರೋ ಬಂದು ‘ನಾನೇ ಪ್ರಾಕ್ಸಿ, ಎಲ್ಲ ಕರೆ ನನಗೆ ಕೊಡಿ’ ಅಂತ ಸುಳ್ಳು ಹೆಸರು ಬರೆಸಿದ್ರೆ? ಅದಕ್ಕೇ ಪ್ರಮಾಣಪತ್ರ ತೋರಿಸಬೇಕು, ಸೇವೆ ಕೇಳೋಕೆ ಮುಂಚೆ ಪುಸ್ತಕದಿಂದ ಟೋಕನ್ ಪಡೀಬೇಕು.

ಒಂದು ವಿಷಯವನ್ನ ಮಾತ್ರ ಇವತ್ತಿಗೂ ಮೊದಲೇ ಹೇಳಿಡಬೇಕು: ಪುಸ್ತಕ ಎಲ್ಲಿದೆ ಅನ್ನೋದು. ಹೆಸರು ಬರೆಸೋ ಜಾಗ ಎಲ್ಲಿ ಅಂತ ಗೊತ್ತಿಲ್ದೆ ಹೆಸರು ಬರೆಸೋಕಾಗಲ್ಲ. ಎಲ್ಲ ಆಟೋಮ್ಯಾಟಿಕ್ ಅಂತಾರಲ್ಲ, ಅದರ ಬುಡದಲ್ಲಿ ಎಲ್ಲೋ ಒಂದು ಸಾಲು ಮನುಷ್ಯ ಬರೆದದ್ದೇ ಇರುತ್ತೆ.

ಹಾಗಾದ್ರೆ ಸಮಸ್ಯೆ ಮುಗೀತಾ? ಜಪಾನಿನ ಕಥೆ ಹೇಳ್ತೀನಿ. 2022ರ ಜುಲೈ 2ರ ನಸುಕು, ಕೆಡಿಡಿಐ ಅನ್ನೋ ದೊಡ್ಡ ಕಂಪನಿ ಒಂದು ರೌಟರ್ ಬದಲಾಯಿಸೋ ಮಾಮೂಲಿ ಕೆಲಸ ಮಾಡ್ತಿತ್ತು. ದಾರಿ ತಪ್ಪಿ ಸ್ವಲ್ಪ ಹೊತ್ತು ಧ್ವನಿ ಸಂಚಾರ ನಿಂತಿತು. ಅಷ್ಟೇ ಆಗಿದ್ರೆ ಯಾರಿಗೂ ನೆನಪಿರ್ತಿರಲಿಲ್ಲ. ಆದ್ರೆ ಸಂಪರ್ಕ ತಪ್ಪಿದ ಫೋನುಗಳೆಲ್ಲ ಒಟ್ಟಿಗೇ ಮತ್ತೆ ಹೆಸರು ಬರೆಸೋಕೆ ಬಂದ್ವು. ವೋಲ್ಟಿ ನೋಡ್ಕೊಳ್ಳೋ ಪೆಟ್ಟಿಗೆಗಳು ಆ ನೂಕುನುಗ್ಗಲಿಗೆ ಸುಸ್ತಾದ್ವು, ಉತ್ತರ ಬರಲಿಲ್ಲ ಅಂತ ಫೋನುಗಳು ಮತ್ತೆ ಮತ್ತೆ ಬಾಗಿಲು ಬಡಿದ್ವು, ಪುಸ್ತಕಗಳ ನಡುವೆ ಲೆಕ್ಕವೇ ತಾಳೆಯಾಗದ ಹಾಗಾಯ್ತು. ಸರಿಯಾಗೋಕೆ 61 ಗಂಟೆಗೂ ಹೆಚ್ಚು ಹಿಡೀತು. ಮೂರು ಕೋಟಿಗೂ ಹೆಚ್ಚು ಸಂಪರ್ಕಗಳಿಗೆ ತೊಂದರೆ. ಪೊಲೀಸು, ಆಂಬುಲೆನ್ಸ್ ಕರೆಗಳೂ ಹೋಗಲಿಲ್ಲ.

ಇದನ್ನ ಓದಿದಾಗ ನನ್ನ ಕಣ್ಣಿಗೆ ಬಂದದ್ದು ನಮ್ಮೂರ ಮುಂದಿನ ರಸ್ತೆ, ಶಿವರಾತ್ರಿ ಸಮಯ. ಬೆಟ್ಟಕ್ಕೆ ನಡ್ಕೊಂಡು ಹೋಗೋ ಜನ, ರಾತ್ರಿಯೆಲ್ಲ ಉಘೇ ಉಘೇ ಅಂತ ಸಾಲು. ಅವರು ಒಬ್ಬರ ಹಿಂದೆ ಒಬ್ಬರು ಹೋಗೋ ತನಕ ಒಂದು ಅನ್ನದ ಕೊಪ್ಪರಿಗೆ ಸಾಕಾಗುತ್ತೆ. ಅಷ್ಟೂ ಜನ ಒಂದೇ ನಿಮಿಷಕ್ಕೆ ಬಂದು ಎಲೆ ಹಾಕಿ ಕೂತ್ರೆ? ಈಗ ನೆಟ್‌ವರ್ಕ್ ಕಟ್ಟೋರು ಇದನ್ನೇ ಯೋಚಿಸಬೇಕಾಗಿದೆ. ಒಂದೇ ಪುಸ್ತಕ ಇಡಬಾರದು, ಸಂಪರ್ಕ ತಪ್ಪಿದವರು ಬೇರೆ ಬೇರೆ ಹೊತ್ತಿಗೆ ವಾಪಸ್ ಬರೋ ಹಾಗೆ ಮಾಡಬೇಕು, ಪುಸ್ತಕ ಸ್ವಲ್ಪ ಹೊತ್ತು ಸಿಗದಿದ್ರೂ ಕೊನೇ ಸಲ ಕೇಳಿದ ಉತ್ತರದ ಮೇಲೆ ಕೆಲಸ ನಡೀಬೇಕು. ನನ್ನ ಅಭಿಪ್ರಾಯ ಕೇಳಿದ್ರೆ, ಕೈಬರಹದ ಪಟ್ಟಿಗಿಂತ ಇದು ನಿಸ್ಸಂಶಯವಾಗಿ ಒಳ್ಳೇದು. ಪಟ್ಟಿ ತಪ್ಪಿದ್ರೆ ಒಂದು ಊರಿಗೆ ತೊಂದ್ರೆ, ಪುಸ್ತಕ ತಪ್ಪಿದ್ರೆ ದೇಶಕ್ಕೆ, ಅದೂ ನಿಜ.

ನಮ್ಮ ದೇಶಕ್ಕೆ 5ಜಿ ಬಂದದ್ದು 2022ರ ಅಕ್ಟೋಬರ್ 1ಕ್ಕೆ. ಆದ್ರೆ ಎಲ್ಲರ 5ಜಿಯೂ ಒಂದೇ ಅಲ್ಲ. ಜಿಯೋ ಹೊಸ 5ಜಿ ಕೋರ್ ಮೇಲೇ ಶುರು ಮಾಡಿತು, ಏರ್‌ಟೆಲ್ ಮೊದಲು 4ಜಿ ಕೋರ್ ಇಟ್ಕೊಂಡೇ 5ಜಿ ರೇಡಿಯೋ ಹಾಕಿತು. ಎನ್‌ಆರ್‌ಎಫ್ ಪುಸ್ತಕ ಇರೋದು ಹೊಸ ಕೋರ್‌ನಲ್ಲಿ. ಹಾಗಾಗಿ ಪರದೆ ಮೇಲೆ 5ಜಿ ಅಂತ ಕಂಡ ಮಾತ್ರಕ್ಕೆ ಒಳಗೆ ಯಾವ ಪುಸ್ತಕ ಇದೆ ಅಂತ ಹೇಳೋಕಾಗಲ್ಲ.

ಇನ್ನು ಕಿತ್ತೂರಿನ ಆ ಸಿ-ಡಾಟ್? 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡಾದಲ್ಲಿ ಪ್ರಧಾನಿ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಯನ್ನ ಉದ್ಘಾಟಿಸಿದ್ರು, 97,500ಕ್ಕೂ ಹೆಚ್ಚು ಟವರ್‌ಗಳು. ರೇಡಿಯೋ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಜೋಡಿಸಿದ್ದು ಟಿಸಿಎಸ್, ಒಳಗಿನ ಕೋರ್ ಸಿ-ಡಾಟ್‌ನದು. ಅಂದ್ರೆ ಕಿತ್ತೂರಲ್ಲಿ 128 ಪೋರ್ಟಿನ ಪೆಟ್ಟಿಗೆ ಇಟ್ಟ ಸಂಸ್ಥೆಯೇ, ಸುಮಾರು ನಾಲ್ಕು ದಶಕ ಆದಮೇಲೆ, ಕೋಟ್ಯಂತರ ಫೋನುಗಳ ಹೆಸರು ಬರೆದುಕೊಳ್ಳೋ ಪುಸ್ತಕ ಮಾಡ್ತಿದೆ. ಟೆಸ್ಟಿಂಗ್ ಮಾಡೋನಾಗಿ ನನಗೆ ಉದ್ಘಾಟನೆಯ ಫೋಟೋಗಿಂತ, ರಾತ್ರಿ ಎರಡು ಗಂಟೆಗೆ ಕಾಡಂಚಿನ ಒಂದು ಮನೆಯಿಂದ ಕರೆ ಹೋಗುತ್ತಾ ಅನ್ನೋದರ ಮೇಲೇ ಕಣ್ಣು.

ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪನಿಗೆ ಇದೆಲ್ಲ ಒಂದ್ಸಲ ವಿವರಿಸಿದ್ದೆ. ಪ್ರಾಕ್ಸಿ, ಪುಸ್ತಕ, ಹಾರ್ಟ್‌ಬೀಟ್ ಎಲ್ಲ. ಪೂರ್ತಿ ಕೇಳಿಸ್ಕೊಂಡು, “ಅಂದ್ರೆ ಅದಕ್ಕೂ ಎದೆ ಬಡ್ಕತ್ತಾ ಇರಬೇಕು ಅನ್ನು” ಅಂದ್ರು. ಹುಳದ ಮನೆ ಈಗ ಖಾಲಿ, ರಾತ್ರಿ ಏಳೋದು ಬೇಡ ಅಂತ ಡಾಕ್ಟ್ರು ಹೇಳಿದ್ದಾರೆ. ಆದ್ರೂ ನಾನು ಊರಿಗೆ ಹೋದಾಗೆಲ್ಲ ಮಲಗೋ ಮುಂಚೆ ಬಾಗಿಲಲ್ಲಿ ನಿಂತು ಕೇಳ್ತಾರೆ, “ಆ ಓಲ್ಟಿ ಬಂದಯ್ತೇನ್ಲಾ?” ನಾನು ಫೋನ್ ತೋರಿಸ್ತೀನಿ. ಅವರು ಕನ್ನಡಕ ಏರಿಸಿ ನೋಡ್ತಾರೆ, ಆಮೇಲೆ ಗೋಡೆಯಾಚೆ ಕಡೆಗೊಮ್ಮೆ ಕಿವಿಗೊಡ್ತಾರೆ, ದೊಡ್ಡವ್ವ ಮನೇಲಿದ್ದಾರೋ ಇಲ್ವೋ ಅಂತ.